ಅವರ ಕೆಲಸ ಏನೆಂದು ಯಾರೂ ಕೇಳಿರಲಿಲ್ಲ

ಇವರನ್ನು ಸುಮಾ ಎಂದು ಕರೆಯೋಣ. ಹೆಸರು, ಗುರುತು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಯಸ್ಸು 31. ಎರಡು ವರ್ಷದಲ್ಲಿ ಎರಡು ಸಲ ಗರ್ಭ ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ನನ್ನ ಹತ್ತಿರ ಸಲಹೆಗೆ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದರ ತುಂಬ, ರಾಸಾಯನಿಕ ಇರುತ್ತೆ, ಗರ್ಭಕ್ಕೆ ಕೆಟ್ಟದ್ದು ಎಂದು ಅವರು ಅಂದುಕೊಂಡಿದ್ದ ವಸ್ತುಗಳ ಪಟ್ಟಿ. ಪ್ಲಾಸ್ಟಿಕ್ ಡಬ್ಬ, ಶಾಂಪೂ, ಪೌಡರ್, ರೂಮ್ ಫ್ರೆಶ್ನರ್, ನಾನ್‌ಸ್ಟಿಕ್ ಬಾಣಲೆ. ಒಂದೊಂದರ ಮೇಲೂ ಕೆಂಪು ಪೆನ್ನಿನ ಗೀಟು.

"ಎಲ್ಲ ಮನೆಯಿಂದ ಆಚೆ ಹಾಕಿದೆ ಮೇಡಂ. ಆದ್ರೂ ನಿದ್ದೆ ಬರಲ್ಲ. ನಾನೇ ನನ್ನ ಮಕ್ಕಳನ್ನ ಕಳ್ಕೊಂಡೆ ಅನ್ಸುತ್ತೆ" ಎಂದರು.

ಇಂಥ ಮಾತಿಗೆ 'ಹಾಗೆಲ್ಲ ಏನಿಲ್ಲ ಬಿಡಿ' ಎಂದುಬಿಡುವುದು ಸುಲಭ. ನಾನು ಹಾಗೆ ಹೇಳಲಿಲ್ಲ. ಅಳು ನಿಲ್ಲುವವರೆಗೂ ಸುಮ್ನೆ ಕೂತಿದ್ದೆ. ಆಮೇಲೆ, "ನಿಮ್ಮ ಒಂದು ದಿನ ಹೇಗಿರುತ್ತೆ? ಎದ್ದಾಗಿನಿಂದ ಹೇಳಿ" ಎಂದೆ.

ಸುಮಾ ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ ಮಾಡುತ್ತಾರೆ. ದಿನಕ್ಕೆ ಒಂಬತ್ತು ಗಂಟೆ. ಎಸಿ ಇರುವುದರಿಂದ ಕಿಟಕಿ ಯಾವಾಗಲೂ ಮುಚ್ಚಿರುತ್ತದೆ. ಉಗುರಿನ ಬಣ್ಣ ತೆಗೆಯುವುದು, ಹಚ್ಚುವುದು, ಕೂದಲು ಸ್ಟ್ರೇಟನಿಂಗ್ ಮಾಡುವುದು ಅವರ ಕೆಲಸ. ಮಾತಾಡುತ್ತಾ ಬಲಗೈ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು. ಉಗುರಿನ ಸುತ್ತ ಚರ್ಮ ಬೆಳ್ಳಗಾಗಿ ಬಿರಿದಿತ್ತು. ರಿಮೂವರ್‌ನಲ್ಲಿ ಅದ್ದಿದ ಹತ್ತಿ ಹಿಡಿಯುವ ಬೆರಳು ಅದು. "ತಲೆ ತೊಳೆದ್ರೂ ಕೂದಲಲ್ಲಿ ಆ ವಾಸನೆ ಹೋಗಲ್ಲ" ಎಂದರು. ನೋಟ್‌ಬುಕ್ ತಿರುವಿ ನೋಡಿದೆ. ಪಾರ್ಲರ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಷ್ಟೆಲ್ಲ ಪರೀಕ್ಷೆ, ಸ್ಕ್ಯಾನ್ ಆಗಿದ್ದರೂ ಅವರು ಏನು ಕೆಲಸ ಮಾಡುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ನನಗೆ ನಿಜಕ್ಕೂ ಬೇಜಾರಾಗಿದ್ದು ಇದಕ್ಕೆ. ರಾಸಾಯನಿಕಗಳ ವಿಷಯವೂ ಹೆರಿಗೆ ವೈದ್ಯರ ಕೆಲಸದ ಭಾಗವಾಗಬೇಕು ಎಂದು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2015ರಲ್ಲೇ ಹೇಳಿದೆ.

ನಾನು ಅವರಿಗೆ ಎರಡು ವಿಷಯ ಬೇರೆಬೇರೆಯಾಗಿ ಹೇಳಿದೆ. ಮೊದಲ ತಿಂಗಳುಗಳಲ್ಲಿ ಗರ್ಭ ಹೋಗುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದಲ್ಲಿ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ (ಕ್ರೋಮೋಸೋಮ್) ಲೆಕ್ಕ ತಪ್ಪಿರುವುದೇ ಕಾರಣ. ಅದು ತಾಯಿ ಮಾಡಿದ್ದಲ್ಲ. ನಿಮ್ಮ ಗರ್ಭ ಹೋಗಿದ್ದು ಪಾರ್ಲರ್‌ನಿಂದಲೇ ಎಂದು ಯಾರೂ ಬೆರಳು ಮಾಡಿ ತೋರಿಸಲಾರರು ಎಂದೆ. ಇನ್ನೊಂದು ಮಾತು: ಆ ಕೋಣೆಯ ಗಾಳಿ ಗರ್ಭಿಣಿಗೆ ಒಳ್ಳೆಯದಲ್ಲ, ಇದರಲ್ಲಿ ಅನುಮಾನವಿಲ್ಲ. ಕೆಲವು ಸ್ಟ್ರೇಟನಿಂಗ್ ಕ್ರೀಮುಗಳನ್ನು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಹೊರಬರುತ್ತದೆ. ಡಬ್ಬದ ಮೇಲೆ ಆ ಹೆಸರು ಇಲ್ಲದಿದ್ದರೂ ಬರಬಹುದು. ಕೆಲವು ಉಗುರುಬಣ್ಣಗಳಲ್ಲಿ ಟಾಲುಯೀನ್ ಎಂಬ ದ್ರಾವಕ, ಥ್ಯಾಲೇಟ್ ಎಂಬ ರಾಸಾಯನಿಕ ಇರುತ್ತವೆ. ಟಾಲುಯೀನ್ ಜಾಸ್ತಿ ಪ್ರಮಾಣದಲ್ಲಿ ಒಳಗೆ ಹೋದರೆ ಭ್ರೂಣಕ್ಕೆ ಹಾನಿ. ಥ್ಯಾಲೇಟ್‌ಗಳು ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುವ ಗುಂಪಿಗೆ ಸೇರಿದವು.

"ಇದು ನನ್ನೊಬ್ಬಳ ಭ್ರಮೆ ಅಲ್ವಾ ಹಾಗಾದ್ರೆ?" ಎಂದು ಕೇಳಿದರು. ಅಲ್ಲ ಎಂದೆ. ಫಿನ್ಲೆಂಡಿನ ಆಸ್ಪತ್ರೆಗಳಲ್ಲಿ ಎಥಿಲಿನ್ ಆಕ್ಸೈಡ್ ಅನಿಲದಿಂದ ಉಪಕರಣ ಶುದ್ಧ ಮಾಡುತ್ತಿದ್ದ ಹೆಂಗಸರಲ್ಲಿ ಗರ್ಭಪಾತ ಜಾಸ್ತಿ ಎಂದು 1982ರಲ್ಲೇ ವರದಿಯಾಗಿತ್ತು. ಕಂಪ್ಯೂಟರ್ ಚಿಪ್ ಕಾರ್ಖಾನೆಗಳಲ್ಲಿ ಗ್ಲೈಕಾಲ್ ಈಥರ್ ಎಂಬ ದ್ರಾವಕ ಬಳಸುತ್ತಿದ್ದ ಹೆಂಗಸರಲ್ಲೂ ಹೀಗೇ ಕಂಡುಬಂತು. ಕೇಳುತ್ತಾ ಕೇಳುತ್ತಾ ಸುಮಾ ನೆಟ್ಟಗೆ ಕೂತರು.

ಸಲಹೆಯಲ್ಲಿ ಹೆಚ್ಚು ಹೊತ್ತು ಹೋಗಿದ್ದು ಪಾರ್ಲರ್ ಬಗ್ಗೆಯೇ. ಸ್ಟ್ರೇಟನಿಂಗ್ ಕೆಲಸ ಬಿಟ್ಟು ಬೇರೆ ಕೆಲಸ ಕೊಡಿ ಎಂದು ಕೇಳಿ. ಕೊಡದಿದ್ದರೆ ಕಿಟಕಿ ತೆರೆಯಲಿ, ಗಾಳಿಯನ್ನು ಹೊರಗೆ ಎಳೆದು ಹಾಕುವ ಎಕ್ಸಾಸ್ಟ್ ಫ್ಯಾನ್ ಬರಲಿ. ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಬಾಟಲಿಗಳ ಮುಚ್ಚಳ ಬಿಗಿಯಾಗಿರಲಿ, ಬಳಸಿದ ಹತ್ತಿ ಮುಚ್ಚಿದ ಡಬ್ಬಕ್ಕೆ ಹೋಗಲಿ. ಪ್ರತಿ ಡಬ್ಬದ ಸುರಕ್ಷತಾ ಮಾಹಿತಿ ಹಾಳೆಯನ್ನು ಮಾಲೀಕರಿಂದ ಕೇಳಿ ಪಡೆದು, ವೈದ್ಯರಿಗೆ ತೋರಿಸಿ.

ಮನೆಯ ವಿಷಯದಲ್ಲಿ ಪಟ್ಟಿ ಚಿಕ್ಕದು ಮಾಡಿಸಿದೆ. ಬಿಸಿ ಆಹಾರ ಪ್ಲಾಸ್ಟಿಕ್‌ಗೆ ಹಾಕಬೇಡಿ, ಘಾಟು ಸುಗಂಧದ ವಸ್ತು ಕಡಿಮೆ ಮಾಡಿ, ಸಾಕು. ಕೆಲವು ಪ್ಲಾಸ್ಟಿಕ್‌ಗಳಲ್ಲಿರುವ ಬಿಪಿಎ ಎಂಬ ರಾಸಾಯನಿಕ, ಥ್ಯಾಲೇಟ್ ತರಹದವು ದೇಹದಿಂದ ಒಂದೆರಡು ದಿನದಲ್ಲೇ ಹೊರಹೋಗುತ್ತವೆ. ಬಳಕೆ ನಿಲ್ಲಿಸಿದರೆ ಬೇಗ ಕಡಿಮೆಯಾಗುತ್ತವೆ. ಇದನ್ನು ಕೇಳಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಸೀಸದ ಕಥೆ ಬೇರೆ. ಅದು ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದು ಗರ್ಭಿಣಿಯಾದಾಗ ರಕ್ತಕ್ಕೆ ಬರುತ್ತದೆ. ಅನುಮಾನವಿದ್ದರೆ ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಆ ಒಂದು ಪರೀಕ್ಷೆ ಮಾಡಿಸಿ, ಸಿಕ್ಕಸಿಕ್ಕ ಪರೀಕ್ಷೆಗೆಲ್ಲ ದುಡ್ಡು ಸುರಿಯಬೇಡಿ ಎಂದೆ.

ಎರಡನೇ ಸಲ ಗಂಡನನ್ನೂ ಕರೆಸಿದೆ. ಅವರಿಗೆ ಪೇಂಟಿಂಗ್ ಕೆಲಸ. "ನನ್ನನ್ನ ಯಾಕೆ ಕೇಳ್ತಿದೀರಾ?" ಎಂದರು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆ ಹೊತ್ತಿನಲ್ಲಿ ನೀವು ಉಸಿರಾಡುವ ಥಿನ್ನರ್, ಹಳೆ ಬಣ್ಣ ಉಜ್ಜಿದಾಗ ಏಳುವ ಸೀಸದ ಧೂಳು ಎಲ್ಲ ಲೆಕ್ಕಕ್ಕೆ ಬರುತ್ತೆ ಎಂದು ವಿವರಿಸಿದೆ. ಕೆಲಸದ ಬಟ್ಟೆ ಬದಲಿಸಿ, ಕೈಕಾಲು ತೊಳೆದೇ ಮನೆಯೊಳಗೆ ಬನ್ನಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಂಡತಿ ಕಡೆ ತಿರುಗಿ, "ಇಷ್ಟು ದಿನ ಎಲ್ಲ ನಿನ್ನ ಮೇಲೇ ಹಾಕ್ಬಿಟ್ಟಿದ್ವಿ" ಎಂದರು. ನಾನು ಹೇಳಬೇಕೆಂದಿದ್ದ ಮಾತನ್ನು ಅವರೇ ಹೇಳಿದರು.

ಪಾರ್ಲರ್‌ನಲ್ಲಿ ಮೊದಲು ಒಪ್ಪಲಿಲ್ಲವಂತೆ. ಉಳಿದ ಮೂವರು ಹುಡುಗಿಯರೂ ಜೊತೆಗೆ ನಿಂತಮೇಲೆ ಫ್ಯಾನ್ ಹಾಕಿಸಿದರು. ಸುಮಾ ಈಗ ಬಿಲ್ಲಿಂಗ್ ನೋಡಿಕೊಳ್ಳುತ್ತಾರೆ. ಅದಕ್ಕೆ ಸಂಬಳ ಸ್ವಲ್ಪ ಕಡಿಮೆ, ಅದು ಅನ್ಯಾಯವೇ. ಮೂರನೇ ಸಲ ಬಂದಾಗ ಬೆರಳಿನ ಗಾಯ ಮಾಗಿತ್ತು. ನಾನು ಬರೆದುಕೊಟ್ಟಿದ್ದ ಹಾಳೆಯ ಇನ್ನೊಂದು ಪ್ರತಿ ಕೇಳಿದರು. ಜೊತೆಗೆ ಕೆಲಸ ಮಾಡುವ ಹುಡುಗಿಗೆ ಈಗ ಎರಡು ತಿಂಗಳಂತೆ.