ಫೋಟೋ ಆಮೇಲೆ, ಮೊದಲು ಬೈಲಾ

ಪತ್ರ: ಮಾನ್ಯರೇ, 2025ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿಗೆ ನಮ್ಮ ಬಾಬಿ ಮುಕ್ಕಾಮಲ ಅಧ್ಯಕ್ಷರಾದರು. ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಹಲ್ಲೇಗೆರೆಯ ಕುಡಿ ವಿವೇಕ್ ಮೂರ್ತಿ ಅಲ್ಲಿನ ಡಾಕ್ಟರುಗಳಿಗೆಲ್ಲ ದೊಡ್ಡವರಾಗಿದ್ದರು. ಪ್ರತಿಭೆ ಇದ್ದರೆ ಬಣ್ಣ ಅಡ್ಡ ಬರುವುದಿಲ್ಲ ಎನ್ನುವುದಕ್ಕೆ ಇನ್ನೇನು ಪುರಾವೆ ಬೇಕು? ಆದರೂ ವೈದ್ಯರ ಸಂಘಗಳಲ್ಲಿ ಕಪ್ಪು ತಲೆ ಎಷ್ಟು, ಬಿಳಿ ತಲೆ ಎಷ್ಟು ಎಂದು ಎಣಿಸುವ ಚಾಳಿ ಯಾಕೆ? ಮುಕ್ಕಾಮಲ ಅವರ ಫೋಟೋವನ್ನು ಮುಖಪುಟಕ್ಕೆ ಹಾಕಿ. — ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಅಭಿಮಾನ ದೊಡ್ಡದು, ಆದರೆ ಅದರಲ್ಲಿ ಎರಡು ಬೇರೆ ಬೇರೆ ಹಗ್ಗ ಸೇರಿ ಗಂಟಾಗಿವೆ. ಮೊದಲು ಅದನ್ನು ಬಿಡಿಸೋಣ. ವಿವೇಕ್ ಮೂರ್ತಿ ಇದ್ದದ್ದು ಸರ್ಜನ್ ಜನರಲ್ ಹುದ್ದೆಯಲ್ಲಿ. ಅದು ಸರ್ಕಾರಿ ಹುದ್ದೆ: ದೇಶದ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಮತ ಹಾಕುತ್ತದೆ. 2014ರ ಡಿಸೆಂಬರಿನಲ್ಲಿ ಅವರು ಗೆದ್ದದ್ದು 51–43ರಲ್ಲಿ. ಹಲ್ಲೇಗೆರೆಯವರು ಹೆಮ್ಮೆಪಡಲಿ, ಆದರೆ ವೈದ್ಯರು ಮತ ಹಾಕಿ ಆರಿಸಿದ್ದಲ್ಲ ಅದು. ನೀವು ಕೇಳಿದ ಪ್ರಶ್ನೆ ಸಂಘದ್ದು, ಆದ್ದರಿಂದ ಸಂಘದ ಬಾಗಿಲಿಗೇ ಹೋಗೋಣ.

ಪ್ರತಿಭೆ ಬೇಕು ಎಂಬ ನಿಮ್ಮ ಮಾತು ಸರಿ. ಚಾಕು ಹಿಡಿದ ಕೈಯಲ್ಲಿ ಹದ ಇರಬೇಕು, ಅದರ ಬಣ್ಣ ಯಾವುದಾದರೇನು. ಅಲ್ಲಿಗೆ ನಿಮ್ಮ ಪಾಲು ಸಂದಾಯವಾಯಿತು.

ಆದರೆ ಸಂಘದ ಅಧ್ಯಕ್ಷಗಿರಿ ಆಪರೇಷನ್ ಅಲ್ಲ. ಅದಕ್ಕೊಂದು ಏಣಿ ಇದೆ. ಆ ಸಂಘದ ಪ್ರತಿನಿಧಿ ಸಭೆಯಲ್ಲಿ ರಾಜ್ಯ ಸಂಘಗಳಿಗೂ ತಜ್ಞರ ಸಂಘಗಳಿಗೂ ಪ್ರತಿ 1,000 ಸದಸ್ಯರಿಗೆ, ಅಥವಾ ಅದರ ಭಾಗಕ್ಕೆ, ಒಬ್ಬರಂತೆ ಪ್ರತಿನಿಧಿ. ಈ ಸಭೆ ಜೂನ್‌ನಲ್ಲಿ ಷಿಕಾಗೋದಲ್ಲಿ ಒಮ್ಮೆ, ನವೆಂಬರಿನಲ್ಲಿ ಇನ್ನೊಮ್ಮೆ ಸೇರುತ್ತದೆ. 21 ಜನರ ಟ್ರಸ್ಟಿ ಮಂಡಳಿಯ ಬಹುತೇಕರನ್ನು ಆರಿಸುವುದು ಇದೇ ಸಭೆ. ಅಧ್ಯಕ್ಷರಾಗುವವರು ಒಂದು ವರ್ಷ ನಿಯೋಜಿತ, ಒಂದು ವರ್ಷ ಅಧ್ಯಕ್ಷ, ಒಂದು ವರ್ಷ ನಿಕಟಪೂರ್ವ. ಮುಕ್ಕಾಮಲ ಅವರ ದಾರಿಯನ್ನೇ ನೋಡಿ. ಮಿಷಿಗನ್ನಿನ ಫ್ಲಿಂಟ್ ಊರಿನ ಕಿವಿ-ಮೂಗು-ಗಂಟಲು ವೈದ್ಯರು. ಮೊದಲು ಜೆನೆಸೀ ಕೌಂಟಿ ಸಂಘದ ಅಧ್ಯಕ್ಷ, ಆಮೇಲೆ ಮಿಷಿಗನ್ ರಾಜ್ಯ ಸಂಘದ ಅಧ್ಯಕ್ಷ, 2017ರಲ್ಲಿ ಟ್ರಸ್ಟಿ, 2021ರಲ್ಲಿ ಮಂಡಳಿಯ ಚೇರ್ಮನ್, 2025ರಲ್ಲಿ ಸಂಘದ ಅಧ್ಯಕ್ಷ. ಭಾರತೀಯ ಮೂಲದವರಲ್ಲಿ ಮೊದಲಿಗರು. ಎಲ್ಲ ಸರಿ. ಈ ಏಣಿಯ ಮೊದಲ ಮೆಟ್ಟಿಲು ಯಾವುದು, ಗಮನಿಸಿದಿರಾ? ಕೌಂಟಿ. ನಮ್ಮ ಲೆಕ್ಕದಲ್ಲಿ ತಾಲ್ಲೂಕು ಎನ್ನಿ. ಕಪ್ಪು ವೈದ್ಯರಿಗೆ ಒಂದು ಶತಮಾನದ ಕಾಲ ಇಲ್ಲದಂತೆ ಮಾಡಿದ್ದು ಆ ಮೆಟ್ಟಿಲನ್ನು.

ಅದು ಹೇಗೆ ನಡೆಯಿತು ಎನ್ನುವುದು ನನ್ನ ಪ್ರಕಾರ ಈ ಇಡೀ ಚರಿತ್ರೆಯ ತಿರುಳು. ಆ ಸಂಘ 1847ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿತು. ಅದರ ನಿಯಮಾವಳಿಯಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ. 1869ರಲ್ಲಿ ವಾಷಿಂಗ್ಟನ್ನಿನ ವೈದ್ಯ ಸಂಘಕ್ಕೆ ಮೂವರು ಕಪ್ಪು ವೈದ್ಯರು ಅರ್ಜಿ ಹಾಕಿದರು: ಅಲೆಕ್ಸಾಂಡರ್ ಆಗಸ್ಟಾ, ಚಾರ್ಲ್ಸ್ ಪರ್ವಿಸ್, ಅಲ್ಫಿಯಸ್ ಟಕರ್. ಆಗಸ್ಟಾ ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ, ಅಂದರೆ ಉತ್ತರದ ರಾಜ್ಯಗಳ, ಸೈನ್ಯದ ಮೇಜರ್ ದರ್ಜೆಯ ವೈದ್ಯ. ಆ ಊರಿನಲ್ಲಿ ವೈದ್ಯವೃತ್ತಿಗೆ ಪರವಾನಗಿ ಕೊಡುವ ಅಧಿಕಾರವೂ ಇದೇ ಸಂಘದ್ದು. ಅವರಿಗೆ ಪರವಾನಗಿ ಸಿಕ್ಕಿತು, ಸದಸ್ಯತ್ವ ಸಿಗಲಿಲ್ಲ. ರೋಗಿಯನ್ನು ಮುಟ್ಟಬಹುದು, ನಮ್ಮ ಪಕ್ಕದ ಕುರ್ಚಿಯನ್ನು ಮುಟ್ಟಬೇಡಿ ಎಂದ ಹಾಗೆ. ಸದಸ್ಯನಲ್ಲದವನ ಜೊತೆ ಕೂತು ಕಷ್ಟದ ಕೇಸ್ ಚರ್ಚಿಸಲು ಬಿಳಿಯ ವೈದ್ಯ ಒಪ್ಪುತ್ತಿರಲಿಲ್ಲ. ನಷ್ಟವಾದದ್ದು ಬರೀ ಮಾನಕ್ಕಲ್ಲ.

ಅವರು ಕಪ್ಪು-ಬಿಳಿ ಇಬ್ಬರೂ ಇದ್ದ ಇನ್ನೊಂದು ಸಂಘ ಕಟ್ಟಿ, 1870ರಲ್ಲಿ ವಾಷಿಂಗ್ಟನ್ನಿನಲ್ಲೇ ನಡೆದ ರಾಷ್ಟ್ರೀಯ ಸಭೆಗೆ ಪ್ರತಿನಿಧಿಗಳನ್ನು ಕಳಿಸಿದರು. ಸಂಘದ ಸ್ಥಾಪಕರಲ್ಲಿ ಒಬ್ಬರಾದ ನೇಥನ್ ಡೇವಿಸ್ ಅವರಿದ್ದ ವೃತ್ತಿನೀತಿ ಸಮಿತಿ ತಕರಾರು ಎತ್ತಿತು. ಸೂಚಿಸಿದ ಕಾರಣ ಬಣ್ಣವಲ್ಲ, ನಡವಳಿ: ಈ ಹೊಸಬರು ಹಳೆಯ ಸಂಘದ ವಿರುದ್ಧ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ದೂರು ಒಯ್ದರಂತೆ. ಅವರಿಗೆ ಕೂರಲು ಜಾಗ ಸಿಗಲಿಲ್ಲ. ಆಮೇಲಿನ ಘಟನೆಯೇ ಚೋದ್ಯ. ಈ ತೀರ್ಮಾನಕ್ಕೂ ಜನಾಂಗ, ಬಣ್ಣಕ್ಕೂ ಏನೇನೂ ಸಂಬಂಧವಿಲ್ಲ ಎಂದು ಹೊರೇಷಿಯೋ ಸ್ಟೋರರ್ ಒಂದು ಠರಾವು ಮಂಡಿಸಿದರು. ಅದೂ ಪಾಸಾಯಿತು! ಸಂಬಂಧವೇ ಇಲ್ಲದಿದ್ದರೆ ಆ ಠರಾವು ಯಾರಿಗೆ ಬೇಕಿತ್ತು, ಸ್ವಾಮಿ?

1874ರ ಹೊತ್ತಿಗೆ ಯಾವ ಸ್ಥಳೀಯ ಸಂಘಕ್ಕೆ ಮಾನ್ಯತೆ ಎಂಬುದನ್ನು ರಾಜ್ಯ ಸಂಘಗಳಿಗೇ ಬಿಟ್ಟರು. ಅಲ್ಲಿಗೆ ರಾಷ್ಟ್ರೀಯ ಸಂಘ ಕೈ ತೊಳೆದುಕೊಂಡಿತು. ಕೌಂಟಿಯಲ್ಲಿ ಸದಸ್ಯತ್ವ ಇಲ್ಲದಿದ್ದರೆ ರಾಜ್ಯದಲ್ಲಿಲ್ಲ, ರಾಜ್ಯದಲ್ಲಿಲ್ಲದಿದ್ದರೆ ರಾಷ್ಟ್ರದಲ್ಲಿಲ್ಲ. ಅನೇಕ ಆಸ್ಪತ್ರೆಗಳು ತಮ್ಮ ವಾರ್ಡಿನಲ್ಲಿ ರೋಗಿಯನ್ನು ದಾಖಲಿಸುವ ಹಕ್ಕನ್ನು ಕೊಡುತ್ತಿದ್ದದ್ದೂ ಕೌಂಟಿ ಸಂಘದ ಸದಸ್ಯರಿಗೇ. ಹೀಗೆ ಒಂದು ಬಾಗಿಲು ಹಾಕಿದರೆ ಹಿಂದಿನ ಎಲ್ಲ ಬಾಗಿಲುಗಳೂ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಕಪ್ಪು ವೈದ್ಯರು 1895ರಲ್ಲಿ ಅಟ್ಲಾಂಟಾದಲ್ಲಿ ನ್ಯಾಷನಲ್ ಮೆಡಿಕಲ್ ಅಸೋಸಿಯೇಷನ್ ಕಟ್ಟಿಕೊಂಡದ್ದು ಪ್ರತ್ಯೇಕವಾಗಿರುವ ಚಪಲಕ್ಕಲ್ಲ. ಇತ್ತ ದೊಡ್ಡ ಸಂಘ ತನ್ನ ವೈದ್ಯರ ಡೈರೆಕ್ಟರಿಯಲ್ಲಿ ಅವರ ಹೆಸರಿನ ಜೊತೆ 'ಬಣ್ಣದವರು' ಎಂಬುದರ ಗುರುತನ್ನು 1930ರ ದಶಕದ ಕೊನೆಯವರೆಗೂ ಅಚ್ಚು ಹಾಕಿತು. ವಿಮೆ ಕಂಪನಿಯವನಿಗೂ ಸಾಲ ಕೊಡುವ ಬ್ಯಾಂಕಿನವನಿಗೂ ಅಷ್ಟು ಸಾಕಾಗಿತ್ತು.

ನಾರ್ತ್ ಕೆರೊಲಿನಾದ ಕತೆ ಇನ್ನೂ ರುಚಿ. 1950ರ ದಶಕದಲ್ಲಿ ಅಲ್ಲಿನ ರಾಜ್ಯ ಸಂಘ ಕಪ್ಪು ವೈದ್ಯರಿಗೆ 'ವೈಜ್ಞಾನಿಕ ಸದಸ್ಯತ್ವ' ಕೊಡಲು ಮುಂದೆ ಬಂತು. ಎಂದರೆ ಉಪನ್ಯಾಸ ಕೇಳಬಹುದು, ಊಟಕ್ಕೆ ಬರುವಂತಿಲ್ಲ. ಸಂಘ ಕಟ್ಟಿದವರಿಗೆ ಗೊತ್ತು, ಪದಾಧಿಕಾರಿಗಳು ತಯಾರಾಗುವುದು ಉಪನ್ಯಾಸದಲ್ಲಿ ಅಲ್ಲ, ಊಟದ ಮೇಜಿನಲ್ಲಿ. ಮುಂದಿನ ಸಲ ಯಾರ ಹೆಸರು ಸೂಚಿಸೋಣ, ಯಾರು ಅನುಮೋದಿಸುತ್ತಾರೆ ಎಂಬುದು ಪಾಯಸ ಬಡಿಸುವ ಹೊತ್ತಿಗೆ ಇತ್ಯರ್ಥವಾಗಿರುತ್ತದೆ.

ಇದರಿಂದ ರೋಗಿಗೇನು ಎಂದು ನೀವು ಕೇಳಬಹುದು. ಮೆಡಿಕಲ್ ಕಾಲೇಜುಗಳ ಮಟ್ಟ ಅಳೆಯಲು ಇದೇ ದೊಡ್ಡ ಸಂಘದ ಒತ್ತಾಸೆಯಿಂದ ಬಂದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಕಪ್ಪು ವೈದ್ಯರನ್ನು ತಯಾರಿಸುತ್ತಿದ್ದ ಏಳು ಕಾಲೇಜುಗಳಲ್ಲಿ ಐದು ಮುಚ್ಚಿದವು. ಉಳಿದದ್ದು ಹೋವರ್ಡ್ ಮತ್ತು ಮೆಹ್ಯಾರಿ. ಮುಚ್ಚಿದ ಆ ಐದೂ ಉಳಿದಿದ್ದರೆ 2019ರ ಹೊತ್ತಿಗೆ ಸುಮಾರು 35 ಸಾವಿರದವರೆಗೆ ಹೆಚ್ಚುವರಿ ವೈದ್ಯರು ಬರಬಹುದಿತ್ತೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಇವತ್ತಿಗೂ ಅಲ್ಲಿ ಜನಸಂಖ್ಯೆಯ ಸುಮಾರು 13 ಶೇಕಡ ಕಪ್ಪು ಜನ, ವೈದ್ಯರಲ್ಲಿ ಸುಮಾರು 5ರಿಂದ 6. ಇನ್ನು ವಯಸ್ಸಾದವರಿಗೆ ಸರ್ಕಾರಿ ವಿಮೆ ಕೊಡುವ ಮೆಡಿಕೇರ್ 1965ರಲ್ಲಿ ಬಂದಾಗ ದೊಡ್ಡ ಸಂಘ ಅದನ್ನು ಹಟಕ್ಕೆ ಬಿದ್ದು ವಿರೋಧಿಸಿತ್ತು, ಕಪ್ಪು ವೈದ್ಯರ ಸಂಘ ಬೆಂಬಲಿಸಿತ್ತು. ಮುಂದೆ ಅದೇ ಮೆಡಿಕೇರ್ ಹಣ ಬೇಕಾದರೆ ವಾರ್ಡುಗಳಲ್ಲಿ ಬಣ್ಣಭೇದ ನಿಲ್ಲಿಸಿ ಎಂದು ಸರ್ಕಾರ ಹೇಳಿದ್ದರಿಂದಲೇ ಸಾವಿರಾರು ಆಸ್ಪತ್ರೆಗಳ ಗೋಡೆ ಬಿದ್ದದ್ದು. ಮೇಜಿನ ಸುತ್ತ ಯಾರು ಕೂತಿರುತ್ತಾರೆ ಎನ್ನುವುದರ ಮೇಲೆ ಸಂಘ ಯಾವುದಕ್ಕಾಗಿ ಲಾಬಿ ಮಾಡುತ್ತದೆ ಎನ್ನುವುದು ನಿಂತಿದೆ. ತಲೆ ಎಣಿಸುವುದು ಚಾಳಿಯಲ್ಲ ಎನ್ನುವುದಕ್ಕೆ ನನಗೆ ಇಷ್ಟು ಸಾಕು.

1963ರಲ್ಲಿ ಅಟ್ಲಾಂಟಿಕ್ ಸಿಟಿಯ ಸಮ್ಮೇಳನದ ಹೊರಗೆ ವೈದ್ಯರೇ ಫಲಕ ಹಿಡಿದು ನಿಂತರು. ಭೇದ ಮಾಡುವ ರಾಜ್ಯ ಸಂಘವನ್ನು ಹೊರಹಾಕುವ ಅಧಿಕಾರವನ್ನು ದೊಡ್ಡ ಸಂಘ ತಂದುಕೊಂಡದ್ದು 1968ರಲ್ಲಿ. ಮೊದಲ ಕಪ್ಪು ಅಧ್ಯಕ್ಷ ಲಾನಿ ಬ್ರಿಸ್ಟೋ ಬಂದದ್ದು 1995ರಲ್ಲಿ, ಸಂಘ ಹುಟ್ಟಿ 148 ವರ್ಷಕ್ಕೆ. ಕಪ್ಪು ಮಹಿಳೆಯೊಬ್ಬರು, ಪ್ಯಾಟ್ರಿಸ್ ಹ್ಯಾರಿಸ್, 2019ರಲ್ಲಿ. ಸಂಘ ಕ್ಷಮೆ ಕೇಳಿದ್ದು 2008ರಲ್ಲಿ.

ಈಗ ನಿಮ್ಮನ್ನು ಸ್ವಲ್ಪ ಗದರಿಸಬೇಕು. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಓದಿದವರು ಹಿಂಡುಹಿಂಡಾಗಿ ಅಮೆರಿಕದ ವಿಮಾನ ಹತ್ತಿದ್ದು 1965ರ ವಲಸೆ ಕಾನೂನಿನ ನಂತರ. ನಾಗರಿಕ ಹಕ್ಕುಗಳ ಕಾನೂನು ಬಂದದ್ದು ಅದರ ಹಿಂದಿನ ವರ್ಷ. ಪೊಲೀಸರ ಲಾಠಿ ತಿಂದು ಬೇರೆಯವರು ತೆರೆಸಿದ ಬಾಗಿಲಿನಲ್ಲಿ ನಾವು ಸೂಟ್‌ಕೇಸ್ ಹಿಡಿದು ಒಳಗೆ ಹೋದೆವು. ಹೋದಮೇಲೂ 'ಫಾರಿನ್ ಗ್ರಾಜುಯೇಟ್' ಎಂಬ ಹಣೆಪಟ್ಟಿ ತಪ್ಪಲಿಲ್ಲ, ಅದಕ್ಕೇ 1982ರಲ್ಲಿ ಭಾರತೀಯ ಮೂಲದ ವೈದ್ಯರೂ ತಮ್ಮದೇ ಸಂಘ ಕಟ್ಟಿಕೊಳ್ಳಬೇಕಾಯಿತು. ಇಷ್ಟಾದ ಮೇಲೆ ಒಬ್ಬ ಮುಕ್ಕಾಮಲ ಅವರನ್ನು ತೋರಿಸಿ ಕಪ್ಪು ವೈದ್ಯರಿಗೆ 'ನೋಡಿ, ಬಣ್ಣ ಅಡ್ಡಿಯಲ್ಲ' ಎನ್ನುವುದು ಉಂಡ ಮನೆಯ ಜಂತೆ ಎಣಿಸಿದಂತೆ.

ಹಾಗೆಂದು ಬಣ್ಣದ ಒಂದು ಮುಖ ತಂದು ಕೂರಿಸಿದರೆ ಮುಗಿಯುವುದೂ ಇಲ್ಲ. ಸಾಮಾನ್ಯವಾಗಿ ಕೆಡುವುದು ಹೀಗೆ: ಹೊಸಬರನ್ನು ವೈವಿಧ್ಯ ಸಮಿತಿಗೆ ಹಾಕುತ್ತಾರೆ, ಅದಕ್ಕೆ ಬಜೆಟ್ ಇರುವುದಿಲ್ಲ. ಹಣಕಾಸು ಸಮಿತಿಗೂ ನಾಮನಿರ್ದೇಶನ ಸಮಿತಿಗೂ ಹಾಕುವುದಿಲ್ಲ. ಮಾಜಿ ಅಧ್ಯಕ್ಷರೇ ನಾಮನಿರ್ದೇಶನ ಸಮಿತಿಯಲ್ಲಿದ್ದರೆ ಅವರು ತಮ್ಮ ಪಡಿಯಚ್ಚನ್ನೇ ಹುಡುಕುತ್ತಾರೆ, ದುರುದ್ದೇಶವೇನೂ ಬೇಕಿಲ್ಲ. ಸಭೆಗೆ ಬರಲು ನಾಲ್ಕು ದಿನ ಕ್ಲಿನಿಕ್ ಮುಚ್ಚಬೇಕು, ಟಿಕೆಟ್ಟು, ಹೋಟೆಲ್ಲು ಕೈಯಿಂದ. ಬಡವರ ಬಡಾವಣೆಯಲ್ಲಿ ಒಬ್ಬರೇ ಕ್ಲಿನಿಕ್ ನಡೆಸುವವರು ಅಲ್ಲಿಗೇ ಸೋಸಿಹೋಗುತ್ತಾರೆ. ಆದ್ದರಿಂದ ನೋಡಬೇಕಾದ್ದು ಸಂಘದ ಬೈಲಾದ, ಅಂದರೆ ನಿಯಮಾವಳಿಯ, ನಾಲ್ಕು ಕಲಮುಗಳನ್ನು: ನಾಮನಿರ್ದೇಶನ ಸಮಿತಿಯನ್ನು ನೇಮಿಸುವವರು ಯಾರು, ಅರ್ಹತೆಯನ್ನು ಹೆಸರು ಬರುವ ಮೊದಲು ಪ್ರಕಟಿಸುತ್ತಾರೋ ಆಮೇಲೋ, ಸಭೆಯಲ್ಲಿ ಎದ್ದುನಿಂತು ಇನ್ನೊಂದು ಹೆಸರು ಸೂಚಿಸಬಹುದೋ, ಒಬ್ಬರು ಎಷ್ಟು ಅವಧಿ ಕೂರಬಹುದು.

ಬೈಲಾ ಓದುವ ಅಭ್ಯಾಸವೇ ನಮ್ಮಲ್ಲಿಲ್ಲ ಎನ್ನುವುದು ನನ್ನ ಹಳೆಯ ಹುಣ್ಣು. ಹಾಲಿನ ಸೊಸೈಟಿಯಿಂದ ಅಪಾರ್ಟ್‌ಮೆಂಟ್ ಸಂಘದವರೆಗೆ, ಸರ್ವಸದಸ್ಯರ ಸಭೆಯ ನೋಟಿಸು ಬಂದರೆ ಹಿಂದಿನ ಪುಟದಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ. 'ಅರ್ಜಿ ಫಾರಂ ಮುಗಿದಿದೆ, ಮುಂದಿನ ವಾರ ಬನ್ನಿ' ಎಂದು ಕಾರ್ಯದರ್ಶಿ ಹೇಳಿ ಕಳಿಸಿದವನ ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಫಾರಂ ಮುಗಿಯಬಾರದು ಎಂಬ ನಿಯಮ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದೇ ಜನ ಅಮೆರಿಕದಲ್ಲಿ ಯಾರೋ ಗೆದ್ದರೆ ಪಟಾಕಿ ಹೊಡೆಯುತ್ತಾರೆ.

ಫೋಟೋದ ವಿಷಯ ಮರೆತಿಲ್ಲ. ಮುಖಪುಟ ಆಗುವುದಿಲ್ಲ, ಒಳಪುಟದಲ್ಲಿ ಹಾಕುತ್ತೇವೆ. ಮಿಲಿಟರಿ ಸಮವಸ್ತ್ರ ತೊಟ್ಟ ಆಗಸ್ಟಾ ಅವರ ಹಳೆಯ ಭಾವಚಿತ್ರವೊಂದಿದೆ. ಎರಡನ್ನೂ ಅಕ್ಕಪಕ್ಕದಲ್ಲಿ, ಒಂದೇ ಅಳತೆಯಲ್ಲಿ.