ಶಾಲೆಯ ಲ್ಯಾಬಿಗೆ ಸ್ವಂತ ಪ್ಯಾಕೇಜ್ ಆರ್ಕೈವ್: ರೆಪ್ರೆಪ್ರೊ ಸಾಕಾ, ಆಪ್ಟ್ಲಿ ಬೇಕಾ?

ಮಾಷ್ಟ್ರೇ, ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆ, ಲ್ಯಾಬಿನಲ್ಲಿ ಇಪ್ಪತ್ತು ಚಿಲ್ಲರೆ ಕಂಪ್ಯೂಟರು, ಮಳೆ ಹಿಡಿದರೆ ನೆಟ್ ಇಲ್ಲ. ಹಾಗಾಗಿ ಒಂದು ಫೋಲ್ಡರಿಗೆ ಡೆಬ್ ಫೈಲುಗಳನ್ನು (ಉಬುಂಟು, ಡೆಬಿಯನ್‌ನ ತಂತ್ರಾಂಶ ಪ್ಯಾಕೇಜುಗಳನ್ನು) ತುಂಬಿ, ಅವುಗಳ ಪಟ್ಟಿ ಬರೆಯುವ ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್ ಓಡಿಸಿ, ಎಲ್ಲ ಕಂಪ್ಯೂಟರಿಗೂ ಅದನ್ನೇ ತೋರಿಸಿದ್ದೀರಿ. ಹಳೆಯ ಫೈಲು ಅಳಿಸಿದರೆ 404 (ಫೈಲು ಸಿಗಲಿಲ್ಲ) ಬರುತ್ತದೆ. ಅದೇ ಹೆಸರಿನಲ್ಲಿ ಹೊಸದನ್ನು ಹಾಕಿದರೆ ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತಾಳೆಯಾಗದೆ 'ಹ್ಯಾಶ್ ಸಮ್ ಮಿಸ್‌ಮ್ಯಾಚ್'.

ಆರ್ಕೈವ್ ನೋಡಿಕೊಳ್ಳುವ ರೆಪ್ರೆಪ್ರೊ, ಆಪ್ಟ್ಲಿ ಎಂಬ ಎರಡು ಸಾಧನಗಳಲ್ಲಿ ಯಾವುದು ಬೇಕು ಎಂದು ಕೇಳಿದ್ದೀರಿ. ರೆಪ್ರೆಪ್ರೊ ಸಾಕು. ಆದರೆ ಈಗಿನ ಅಭ್ಯಾಸ ಬಿಡದೆ ಅದಕ್ಕೆ ಹೋದರೆ ಅಲ್ಲೂ ಇದೇ ಗೋಳು ಉಂಟು.

ಪ್ಯಾಕೇಜು ಇಳಿಸಿ ಹಾಕುವ ಆಪ್ಟ್ ನಿಮ್ಮ ಫೋಲ್ಡರನ್ನು ನೋಡುವುದೇ ಇಲ್ಲ, ಅದು ನಂಬುವುದು ಪಟ್ಟಿಗಳನ್ನು. ಮೊದಲು ಇನ್‌ರಿಲೀಸ್ ಎಂಬ ಸಹಿ ಇರುವ ಫೈಲು. ಅದರೊಳಗೆ ಪ್ಯಾಕೇಜಸ್ ಫೈಲಿನ ಹ್ಯಾಶ್. ಪ್ಯಾಕೇಜಸ್ ಒಳಗೆ ಪ್ರತಿ ಡೆಬ್ ಫೈಲಿನ ಜಾಗ, ಗಾತ್ರ, ಹ್ಯಾಶ್. ಈ ಮೂರರಲ್ಲಿ ಎಲ್ಲಿ ತಾಳೆ ತಪ್ಪಿದರೂ ಆಪ್ಟ್ ಮುಂದೆ ಹೋಗುವುದಿಲ್ಲ. ಸ್ಕ್ಯಾನ್‌ಪ್ಯಾಕೇಜಸ್ ಬರೆದುಕೊಡುವುದು ಪ್ಯಾಕೇಜಸ್ ಒಂದನ್ನೇ. ಸಹಿ ಹಾಕಬೇಕಾದ ರಿಲೀಸ್ ಫೈಲು ಬೇಕಾದರೆ ಆಪ್ಟ್-ಎಫ್‌ಟಿಪಿಆರ್ಕೈವ್, ಸಹಿಗೆ ಜಿಪಿಜಿ, ಎಲ್ಲ ನೀವೇ ನೆನಪಿಟ್ಟು ಓಡಿಸಬೇಕು. ಬೇಜಾರು ಬಂದು ಜನ, ಸಹಿ ನೋಡದೆಯೇ ನಂಬು ಎನ್ನುವ 'ಟ್ರಸ್ಟೆಡ್=ಯೆಸ್' ಹಾಕಿ ಸುಮ್ಮನಾಗುತ್ತಾರೆ. ಮಕ್ಕಳು ಪೆನ್‌ಡ್ರೈವ್ ಹಿಡಿದು ಓಡಾಡುವ ಲ್ಯಾಬಿನಲ್ಲಿ ಅದು ಬೇಡ.

ರೆಪ್ರೆಪ್ರೊದಲ್ಲಿ ಕಾನ್ಫ್ ಫೋಲ್ಡರಿನ ಡಿಸ್ಟ್ರಿಬ್ಯೂಷನ್ಸ್ ಫೈಲಿಗೆ ನಾಲ್ಕೇ ಸಾಲು: ಕೋಡ್‌ನೇಮ್, ಕಾಂಪೊನೆಂಟ್ಸ್, ಆರ್ಕಿಟೆಕ್ಚರ್ಸ್, ಸೈನ್‌ವಿತ್. ಆಮೇಲೆ 'ಇನ್‌ಕ್ಲೂಡ್‌ಡೆಬ್' ಕೊಟ್ಟರೆ ರೆಪ್ರೆಪ್ರೊ ತಾನೇ ಫೈಲನ್ನು ಡೆಬ್ ಫೈಲುಗಳ ಫೋಲ್ಡರಾದ ಪೂಲ್‌ಗೆ ಸೇರಿಸಿ, ಪಟ್ಟಿ ತಿದ್ದಿ, ಸಹಿ ಹಾಕುತ್ತದೆ. ತೆಗೆಯಲು 'ರಿಮೂವ್', ನೋಡಲು 'ಲಿಸ್ಟ್'. ಪೂಲ್ ಒಳಗೆ ಹೋಗಿ ಕೈಯಾರೆ ಆರ್‌ಎಂ ಹೊಡೆದು ಫೈಲು ಅಳಿಸುವುದನ್ನು ಮಾತ್ರ ಇವತ್ತಿಗೇ ಬಿಡಿ. ಯಾವ ಫೈಲು ಎಲ್ಲಿದೆ ಎಂಬ ಲೆಕ್ಕವನ್ನು ಅದು ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಂಡಿರುತ್ತದೆ. ನೀವು ಹಿಂಬಾಗಿಲಿನಿಂದ ಫೈಲು ಎತ್ತಿದರೆ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಗುಣ ಅದಕ್ಕಿದೆ. ಅದೇ ಆವೃತ್ತಿ, ಅದೇ ಹೆಸರು, ಒಳಗಿನದ್ದು ಬೇರೆ ಎಂದಾದರೆ ಒಳಗೆ ಬಿಡುವುದೇ ಇಲ್ಲ. ಇದಕ್ಕೆ ಬೈಯುವವರು ಜಾಸ್ತಿ. ನನಗೆ ಇದೇ ಇಷ್ಟ. ಕೀಬೋರ್ಡ್ ಸೆಟ್ಟಿಂಗಿನ ಪ್ಯಾಕೇಜಿನಲ್ಲಿ ಒಂದಕ್ಷರ ತಿದ್ದಿದರೂ ಆವೃತ್ತಿ ಸಂಖ್ಯೆ ಏರಿಸಿ. ನಿಮ್ಮ ಮಿಸ್‌ಮ್ಯಾಚ್ ಅಲ್ಲಿಗೆ ಮುಗಿಯಿತು.

404 ಮಾತ್ರ ಪೂರ್ತಿ ಹೋಗುವುದಿಲ್ಲ. ಹೊಸದು ಬಂದೊಡನೆ ರೆಪ್ರೆಪ್ರೊ ಹಳೆಯದನ್ನು ತೆಗೆದುಬಿಡುತ್ತದೆ. ರಜೆ ಪೂರ್ತಿ ಆಫ್ ಇದ್ದ ಕಂಪ್ಯೂಟರು ಹಳೆಯ ಪಟ್ಟಿ ಹಿಡಿದು ಬಂದರೆ ಫೈಲು ಸಿಗುವುದಿಲ್ಲ. ಮೊದಲು ಆಪ್ಟ್ ಅಪ್‌ಡೇಟ್ ಮಾಡಿದರೆ ಆಯಿತು. ಹೊಸ 5.4 ಸರಣಿಯಲ್ಲಿ 'ಲಿಮಿಟ್' ಸಾಲು ಹಾಕಿ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳಬಹುದು.

ಆಪ್ಟ್ಲಿ ಯಾವಾಗ ಬೇಕು? ಎಸ್‌ಎಸ್‌ಎಲ್‌ಸಿ ಐಟಿ ಪರೀಕ್ಷೆ ಮುಗಿಯುವ ತನಕ ಎಲ್ಲ ಕಂಪ್ಯೂಟರಿಗೂ ಒಂದೇ ದಿನದ ಪ್ಯಾಕೇಜುಗಳು ಸಿಗಬೇಕು ಎಂದಿದ್ದರೆ ಅದರ ಸ್ನ್ಯಾಪ್‌ಶಾಟ್ (ಆ ದಿನದ ಪ್ಯಾಕೇಜು ಪಟ್ಟಿಯ ಅಚ್ಚು) ಚೆನ್ನಾಗಿದೆ. ಒಮ್ಮೆ ತೆಗೆದ ಸ್ನ್ಯಾಪ್‌ಶಾಟ್ ಬದಲಾಗುವುದಿಲ್ಲ, 'ಪಬ್ಲಿಷ್ ಸ್ವಿಚ್' ಕೊಟ್ಟು ಹಳೆಯದಕ್ಕೆ ಮರಳಬಹುದು. ಆದರೆ ಮರಳುವುದು ಆರ್ಕೈವ್ ಮಾತ್ರ. ಕಂಪ್ಯೂಟರಿನಲ್ಲಿ ಆಗಲೇ ಕೂತಿರುವ ಹೊಸ ಆವೃತ್ತಿಯನ್ನು ಆಪ್ಟ್ ತಾನಾಗಿ ಕೆಳಗಿಳಿಸುವುದಿಲ್ಲ. ಅದಕ್ಕೆ, ಯಾವ ಆವೃತ್ತಿ ಆರಿಸಬೇಕೆಂದು ಆಪ್ಟ್‌ಗೆ ಹೇಳುವ ಪಿನ್ ಆದ್ಯತೆ 1000 ಅಥವಾ ಮೇಲೆ ಕೊಡಬೇಕು. ಇದನ್ನು ಹೇಳದೆ ಆಪ್ಟ್ಲಿ ಹೊಗಳುವವರೇ ಎಲ್ಲ ಕಡೆ! ಡೆಬಿಯನ್‌ನವರು ತಮ್ಮ ಆರ್ಕೈವ್‌ಗೆ ಬಳಸುವ ಡಾಕ್ ಬಗ್ಗೆಯೂ ಕೇಳಿದ್ದೀರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಕಬೇಕು, ಶಾಲೆಗೆ ಯಾಕೆ ಅದೆಲ್ಲ?

ಇಡೀ ಉಬುಂಟು ಆರ್ಕೈವ್ ಮಿರರ್ (ನಕಲು) ಮಾಡುವ ಯೋಚನೆಯನ್ನೂ ಬಿಡಿ, ಒಂದು ಟಿಬಿಗೂ ಹೆಚ್ಚು ಜಾಗ ತುಂಬುತ್ತದೆ. ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಕೈಟ್‌ನ ಗ್ನು/ಲಿನಕ್ಸ್ ಉಬುಂಟು ಮೂಲದ್ದೇ ತಾನೇ? ಅದರ ಪ್ಯಾಕೇಜುಗಳಿಗೆ ಸರ್ವರಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಉಳಿದ ಕಂಪ್ಯೂಟರುಗಳ ಪ್ರಾಕ್ಸಿಯನ್ನು 3142 ಪೋರ್ಟಿಗೆ ತಿರುಗಿಸಿ. ಒಂದು ಕಂಪ್ಯೂಟರು ಇಳಿಸಿದ ಗುಬ್ಬಿ, ನವಿಲು ಫಾಂಟು ಉಳಿದವಕ್ಕೆ ಲ್ಯಾಬಿನೊಳಗಿಂದಲೇ ಸಿಗುತ್ತದೆ. ಹಾಗಾಗಿ ನೆಟ್ ಇರುವಾಗಲೇ ಒಂದರಲ್ಲಿ ಎಲ್ಲ ಇಳಿಸಿಟ್ಟುಕೊಳ್ಳಿ. ರೆಪ್ರೆಪ್ರೊದಲ್ಲಿ ನೀವೇ ಕಟ್ಟಿದ ಪ್ಯಾಕೇಜುಗಳು ಮಾತ್ರ ಇರಲಿ.

ಇನ್ನು ಸಹಿಯ ಕೀಲಿ. ಸಹಿ ಪರೀಕ್ಷಿಸುವ ಸಾರ್ವಜನಿಕ ಕೀಲಿಯನ್ನು ಪ್ರತಿ ಕಂಪ್ಯೂಟರಿನ ಇಟಿಸಿ-ಆಪ್ಟ್ ಒಳಗಿನ ಕೀರಿಂಗ್ಸ್ ಫೋಲ್ಡರಿನಲ್ಲಿಟ್ಟು, ಸೋರ್ಸ್ ಸಾಲಿನಲ್ಲಿ 'ಸೈನ್ಡ್-ಬೈ' ಬರೆಯಿರಿ. ಸಹಿ ಹಾಕುವ ಖಾಸಗಿ ಕೀಲಿಯ ನಕಲು ಸರ್ವರಿನ ಹೊರಗೆ ಒಂದಿರಲಿ, ಸಿಡಿಲಿಗೆ ಸರ್ವರ್ ಹೋದರೆ ಅದೊಂದು ಉಳಿಯಬೇಕು. ಕೀಲಿಗೆ ಅವಧಿ ಇಟ್ಟಿದ್ದರೆ, ಅದು ಮುಗಿದ ದಿನ ಎಲ್ಲ ಕಂಪ್ಯೂಟರಿನಲ್ಲೂ ಅಪ್‌ಡೇಟ್ ಒಟ್ಟಿಗೇ ನಿಲ್ಲುತ್ತದೆ. ಅದಕ್ಕೆ ಡೆಬಿಯನ್‌ನವರು ಡೆಬಿಯನ್-ಆರ್ಕೈವ್-ಕೀರಿಂಗ್ ಎಂಬ ಪ್ಯಾಕೇಜಿನಲ್ಲೇ ಕೀಲಿ ಕಳಿಸುತ್ತಾರೆ. ನೀವೂ ಒಂದು ಪುಟ್ಟ ಡೆಬ್ ಕಟ್ಟಿ, ಅವಧಿ ಮುಗಿಯುವುದಕ್ಕೆ ಒಂದು ತಿಂಗಳ ಮೊದಲೇ ಹೊಸ ಕೀಲಿ ತುಂಬಿ ಇನ್‌ಕ್ಲೂಡ್‌ಡೆಬ್ ಮಾಡಿ.