30–40 ಸೈಟಿನ ಮನೆ, ನಾಲ್ಕು ಪಾಲು: ಹೇಗೆ ಹಂಚಿಕೊಳ್ಳೋದು?

ಪ್ರಶ್ನೆ: ನಮ್ಮದು ಹಿಂದೂ ಕುಟುಂಬ. ಮೈಸೂರಿನಲ್ಲಿ ತಂದೆ ಸ್ವಂತ ದುಡಿಮೆಯಿಂದ 30–40 ಸೈಟ್ ಕೊಂಡು ಮನೆ ಕಟ್ಟಿದ್ದರು. 2016ರಲ್ಲಿ ತೀರಿಕೊಂಡರು, ವಿಲ್ ಬರೆದಿಲ್ಲ. ತಾಯಿ, ಅಣ್ಣ, ನಾನು, ತಂಗಿ ಇದ್ದೇವೆ. ಅಣ್ಣ ಅದೇ ಮನೆಯಲ್ಲಿದ್ದಾನೆ, ಮೇಲೊಂದು ಮಹಡಿ ಕಟ್ಟಿಸಿದ್ದಾನೆ. ಖಾತೆಯೂ ಅವನ ಹೆಸರಿನಲ್ಲಿದೆ. ‘ಮನೆ ನನ್ನದೇ, ತಂಗಿಗೆ ಮದುವೆಯಲ್ಲೇ ಕೊಟ್ಟಾಯ್ತು’ ಅನ್ನುತ್ತಾನೆ. ನನ್ನ ಪಾಲು ಪಡೆಯೋದು ಹೇಗೆ?
– ಹೆಸರು ಬೇಡ, ಮೈಸೂರು

ಉತ್ತರ: ಮೊದಲು ತಂಗಿಯ ವಿಷಯ. ಮದುವೆ ಖರ್ಚು ಪಾಲಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿಯ ಚರ್ಚೆ ಇಲ್ಲಿಗೆ ಬೇಕೇ ಇಲ್ಲ, ಅದು ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಸಮಪಾಲು ಇದೆ. ಹಾಗಾಗಿ ನಿಮ್ಮ ನಾಲ್ವರಿಗೂ ಕಾಲು ಕಾಲು ಭಾಗ. (2016ರಲ್ಲಿ ನಿಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, ಬದುಕಿದ್ದರೆ ಐದು ಪಾಲಾಗುತ್ತದೆ. ಇದನ್ನು ಜಾಸ್ತಿ ಜನ ಮರೆಯುತ್ತಾರೆ.)

ಖಾತೆ ಅಣ್ಣನ ಹೆಸರಿನಲ್ಲಿದೆ ಅಂತ ಹೆದರಬೇಡಿ. ಖಾತೆ ಮಾಡಿಸಿದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಎಷ್ಟೋ ವರ್ಷದಿಂದ ಅಲ್ಲೇ ವಾಸ ಅನ್ನೋದೂ ಸಾಲದು. ಒಬ್ಬ ಪಾಲುದಾರನ ಸ್ವಾಧೀನವನ್ನು ಎಲ್ಲರ ಸ್ವಾಧೀನ ಅಂತಲೇ ಕಾನೂನು ನೋಡುತ್ತದೆ. ಆದರೆ ಮಹಡಿಗೆ ಅವರು ಹಾಕಿದ ದುಡ್ಡಿಗೆ ಬೆಲೆ ಕೊಡಬೇಕು. ಅದು ನ್ಯಾಯ. ಕೋರ್ಟುಗಳೂ ಲೆಕ್ಕ ಹಾಕುವಾಗ ಅದನ್ನು ಗಮನಿಸುತ್ತವೆ.

ಇನ್ನು ಹಂಚಿಕೆ. 1200 ಚದರಡಿಯನ್ನು ನಾಲ್ಕು ತುಂಡು ಮಾಡಿದರೆ ಯಾರಿಗೂ ಮನೆ ಉಳಿಯಲ್ಲ, ಅಲ್ವಾ? ಹಾಗಾಗಿ ಹಂಚಬೇಕಾದ್ದು ಬೆಲೆ. ಎಲ್ಲರೂ ಒಪ್ಪುವ ಒಬ್ಬ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ. ಮಹಡಿಯ ಖರ್ಚು ಕಳೆದು 1 ಕೋಟಿ 20 ಲಕ್ಷ ಅಂತಿಟ್ಟುಕೊಳ್ಳಿ. ಅಣ್ಣ ನಿಮಗೂ ತಂಗಿಗೂ ತಲಾ 30 ಲಕ್ಷ ಕೊಟ್ಟರೆ ನೀವಿಬ್ಬರೂ ಹಕ್ಕು ಖುಲಾಸೆ ಪತ್ರ (ನಿಮ್ಮ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಪತ್ರ) ನೋಂದಣಿ ಮಾಡಿಸಿಕೊಡಬಹುದು. ಹಣ ಕೈಗೆ ಬರುವ ಮುಂಚೆ ಸಹಿ ಹಾಕಬೇಡಿ, ‘ಆಮೇಲೆ ಕೊಡ್ತೀನಿ’ ಅನ್ನುವ ಮಾತು ನಂಬಿ ಕೂತವರು ನನ್ನ ಬಳಿ ಅಳುತ್ತಾ ಬಂದಿದ್ದಾರೆ.

ತಾಯಿಯ ಕಾಲು ಭಾಗ ಮಾತ್ರ ಅವರ ಹೆಸರಿನಲ್ಲೇ ಇರಲಿ. ಇದನ್ನು ಕೈಮುಗಿದು ಹೇಳುತ್ತೇನೆ. ಅವರು ಯಾರಿಗಾದರೂ ಕೊಡಲೇಬೇಕು ಅಂದರೆ, ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ದಾನಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಕೆಳಗೆ ಆ ಪತ್ರ ರದ್ದು ಮಾಡಿಸಲು ಆ ಷರತ್ತು ಬೇಕು.

ಅಣ್ಣ ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪಾಲು ದಾವೆ. ಮೊದಲು ಪ್ರಾಥಮಿಕ ಡಿಕ್ರಿ, ಅದರಲ್ಲಿ ಯಾರಿಗೆ ಎಷ್ಟು ಅಂತ ನಿಗದಿ. ಆಮೇಲೆ ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳತೆ, ಕೊನೆಗೆ ಅಂತಿಮ ಡಿಕ್ರಿ. ವರ್ಷಗಟ್ಟಲೆ ಹಿಡಿಯುತ್ತದೆ. ಆಸ್ತಿ ಹಂಚಲು ಬಾರದಂತಿದ್ದರೆ, 1893ರ ವಿಭಾಗ ಕಾಯ್ದೆಯ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು ಮಾರಾಟಕ್ಕೆ ಕೇಳಬಹುದು. ನೀವು ಮತ್ತು ತಂಗಿ ಸೇರಿದರೇ ಅರ್ಧ ಆಗುತ್ತದೆ. ಆಗ ಅಣ್ಣನಿಗೂ ಒಂದು ಹಕ್ಕು ಹುಟ್ಟುತ್ತದೆ: ಕೋರ್ಟು ಕಟ್ಟಿದ ಬೆಲೆಗೆ ನಿಮ್ಮ ಪಾಲನ್ನು ತಾನೇ ಕೊಳ್ಳಲು ಕೇಳಬಹುದು. ಅಂದರೆ ಹತ್ತು ವರ್ಷ ಅಲೆದು ಬಂದು ನಿಲ್ಲುವುದೂ ಮೇಲೆ ಹೇಳಿದ ಜಾಗದಲ್ಲೇ. ಇದನ್ನು ಅಣ್ಣನಿಗೆ ಸಮಾಧಾನವಾಗಿ ತಿಳಿಸಿ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ರಾಜಿಗೂ ಪ್ರಯತ್ನಿಸಬಹುದು.

ಪ್ರಶ್ನೆ: ತಿಪಟೂರು ಕಡೆ ನಮ್ಮದು ಮೂರು ಎಕರೆ ತೆಂಗಿನ ತೋಟ, ಒಂದೇ ಸರ್ವೆ ನಂಬರ್. ತಮ್ಮನೂ ನಾನೂ ಛಾಪಾ ಕಾಗದದಲ್ಲಿ ಪಾಲುಪಟ್ಟಿ ಬರೆದುಕೊಂಡಿದ್ದೇವೆ, ನೋಂದಣಿ ಇಲ್ಲ. ಸಾಕಾ?

ಉತ್ತರ: ಸಾಲದು. ಆಸ್ತಿ ಭಾಗ ಮಾಡುವ ಪತ್ರಕ್ಕೆ ನೋಂದಣಿ ಕಡ್ಡಾಯ. ಮೊದಲು 11ಇ ನಕ್ಷೆಗೆ (ಸರ್ವೆ ನಂಬರಿನಲ್ಲಿ ಯಾರ ಭಾಗ ಎಲ್ಲಿ ಅಂತ ತೋರಿಸುವ ಸರ್ವೆ ಇಲಾಖೆಯ ನಕ್ಷೆ) ಅರ್ಜಿ ಹಾಕಿ, ಭೂಮಾಪಕರಿಂದ ಅಳತೆ ಮಾಡಿಸಿ. ನಂತರ ವಿಭಾಗ ಪತ್ರ ನೋಂದಾಯಿಸಿ, ಪೋಡಿ (ಸರ್ವೆ ನಂಬರನ್ನು ದಾಖಲೆಯಲ್ಲಿ ಬೇರೆ ಮಾಡುವುದು) ಮಾಡಿಸಿ, ಪಹಣಿ ಬೇರೆ ಬೇರೆ ಆಗಲಿ. ಕುಟುಂಬದವರ ನಡುವಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ಬೀಳುವುದಿಲ್ಲ.

ಕೊಳವೆಬಾವಿ ಒಂದೇ ಇದ್ದರೆ ನೀರಿನ ಸರದಿ, ಮೋಟರ್ ರಿಪೇರಿ ಖರ್ಚು, ಹಿಂದಿನ ತೋಟಕ್ಕೆ ಗಾಡಿ ಹೋಗುವ ದಾರಿಯ ಅಗಲ, ಈ ಮೂರನ್ನೂ ಪತ್ರದಲ್ಲಿ ಬರೆಸಿ. ಅಣ್ಣತಮ್ಮಂದಿರು ಮಾತು ಬಿಡೋದು ಹೆಚ್ಚಾಗಿ ನೀರು, ದಾರಿಗೇ.